ಸುಣ್ಣದ ಕೆಳಗಿನ ಮಂಜಿಗಳು

1968ರಲ್ಲಿ ಕುಂದಾಪುರದ ಹಳೆಯ ಬಂದರು ಕಚೇರಿಯನ್ನು ಮ್ಯೂಸಿಯಂ ಮಾಡುವ ಕೆಲಸ ನನಗೆ ಸಿಕ್ಕಿತು. ನನಗಾಗ ಇಪ್ಪತ್ತನಾಲ್ಕು. ಹಳೆ ಕಟ್ಟಡ ಉಳಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಲೈಬ್ರರಿಯ ಪುಸ್ತಕ ನೋಡಿ, ಗಾರೆ ಕೆಲಸದವರ ಹಿಂದೆ ಸುತ್ತಿ ಕಲಿತದ್ದು. ಉತ್ಸಾಹ ಮಾತ್ರ ವಿಪರೀತ. ಊರಿನ ಸಮಿತಿಗೆ ಅಷ್ಟೇ ಸಾಕಾಯಿತು.

ಕಚೇರಿಯ ಪಡುಗೋಡೆಗೆ ಚಿಪ್ಪಿನ ಸುಣ್ಣ ದಪ್ಪಕ್ಕೆ ಬಳಿದಿತ್ತು. ಕಿಟಕಿಯ ಪಕ್ಕ ಒಂದೇ ಒಂದು ಹೆಸರು ಕಪ್ಪಗೆ ಕಾಣುತ್ತಿತ್ತು: ‘ದುರ್ಗಾಪ್ರಸಾದ’. ಅದೊಂದು ಮಂಜಿಯ ಹೆಸರು. ಹಾಯಿ ಕಟ್ಟಿ, ಹಂಚು ತುಂಬಿ ಬೊಂಬಾಯಿಗೆ ಹೋಗುತ್ತಿದ್ದ ದೊಡ್ಡ ದೋಣಿಗೆ ನಮ್ಮಲ್ಲಿ ಮಂಜಿ ಅನ್ನುತ್ತಾರೆ. ಒಂದಿದ್ದರೆ ಒಳಗೆ ಇನ್ನಷ್ಟು ಇರಬೇಕಲ್ಲ! ಬಾಗಿಲು ಹಾಕಿಕೊಂಡು, ಕಬ್ಬಿಣ ತಾಗಿಸದೆ, ಬಿದಿರಿನ ಚಕ್ಕೆಯಲ್ಲಿ ಹನ್ನೊಂದು ದಿನ ಕೆರೆದೆ. ನಲವತ್ತಮೂರು ಹೆಸರು ಹೊರಬಂದವು. ಮಾಸಿದ್ದನ್ನೆಲ್ಲ ಕಪ್ಪು ಬಣ್ಣದಲ್ಲಿ ತಿದ್ದಿ ಒಂದೇ ಹದಕ್ಕೆ ತಂದೆ.

“ಹ್ವಾಯ್, ಮದಿ ಮನಿ ಚಪ್ಪರದಂಗ್ ಕಾಣ್ತ್ ಮಾರಾಯ್ರೆ!” ಎಂದು ಬ್ರಹ್ಮಾವರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಶೀನಣ್ಣ ನಕ್ಕರು.

ಮರುದಿನ ಬೆಳಿಗ್ಗೆ, ಮೀನು ಮಾರುವ ಮುತ್ತಕ್ಕ ಬುಟ್ಟಿ ಹೊರಗಿಟ್ಟು ಒಳಗೆ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಗೋಡೆ ಕಂಡವರೇ ಹಾಗೇ ನಿಂತುಬಿಟ್ಟರು.

“ಸುಣ್ಣ ಎಲ್ಲಿತ್ ಮಗಾ?”

“ತೆಗ್ದೆ ಅಮ್ಮ. ಕಾಣಿ, ಎಷ್ಟ್ ಹೆಸ್ರಿತ್!”

“ಮಂಜಿ ಹೋಪತಿಗೆ ಗೋಡಿ ಮೇಲೆ ಹೆಸ್ರ್ ಬರೆವ್ದ್, ತಿರ್ಗಿ ಬಂದ್ರೆ ಅದ್ರ್ ಮೇಲೆ ಸುಣ್ಣ ಹೊಡುದ್. ನಿಂಗೆ ಯಾರೂ ಹೇಳ್ಲಿಲ್ಯಾ? ನಮ್ಮನಿಯವ್ರ್ ಹೋದ ಮಂಜಿಗೆ ಮಾತ್ರ ಸುಣ್ಣ ಬೀಳ್ಲಿಲ್ಲ.”

ನಾನು ಗೋಡೆಯತ್ತ ತಿರುಗಿದೆ. ದುರ್ಗಾಪ್ರಸಾದ ಒಂದೇ ಸಲ ಹೋದ ಮಂಜಿಯಲ್ಲ. ಹೋದಾಗಲೆಲ್ಲ ಹೆಸರು ಬರೆದಿದ್ದರು. ಈಗ ಕಿಟಕಿಯ ಪಕ್ಕ ಅದೇ ಹೆಸರು, ಒಂದರ ಕೆಳಗೊಂದು, ಏಳು. ಆರು ಸಲ ಮರಳಿದ್ದು, ಒಂದು ಸಲ ಮರಳದ್ದು. ಕೆರೆಯುವ ಮೊದಲು ನಾನು ಫೋಟೋ ತೆಗೆದಿರಲಿಲ್ಲ, ಒಂದು ನಕ್ಷೆಯನ್ನೂ ಬರೆದಿಟ್ಟಿರಲಿಲ್ಲ.

ಮುತ್ತಕ್ಕನಿಗೆ ಓದಲು ಬಾರದು. ಬಿಳಿ ಗೋಡೆಯಲ್ಲಿ ಕಪ್ಪಗಿದ್ದದ್ದೇ ಅವರ ಗುರುತು. ಕೈ ಎತ್ತಿ ಒಂದನ್ನು ಮುಟ್ಟಿದರು, ಬಿಟ್ಟರು, ಅದರ ಕೆಳಗಿನದನ್ನು ಮುಟ್ಟಿದರು.

“ಇದ್ರಗೆ ಅವ್ರದ್ ಯಾವ್ದ್?”

“ಮತ್ತೆ ಸುಣ್ಣ ಹೊಡಿತೆ ಅಮ್ಮ,” ಎಂದೆ.

“ಯಾವ್ದಕ್ಕೆ ಹೊಡಿತೆ ಮಗಾ?”

ಮ್ಯೂಸಿಯಂ ಶುರುವಾಯಿತು. ಬಂದವರೆಲ್ಲ ಆ ಗೋಡೆಯನ್ನೇ ಹೊಗಳಿದರು. ಸಂಜೆ ಕಿಟಕಿ ಹಾಕುವಾಗ ಆ ಹೆಸರುಗಳಿಗೆ ಬೆನ್ನು ಕೊಡಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಮನೆಗೆ ಮರಳಿ, ಉಂಡು, ಮೊಮ್ಮಕ್ಕಳನ್ನು ಆಡಿಸಿ ಸತ್ತವರನ್ನೂ ನಾನು ಮತ್ತೆ ಕಡಲಿಗೆ ಕಳಿಸಿದ್ದೆ.

ಈಗ ಯಾವ ಹಳೆ ಕಟ್ಟಡಕ್ಕೆ ಹೋದರೂ ಮೊದಲ ವಾರ ಏನನ್ನೂ ಕೆರೆಯುವುದಿಲ್ಲ. ಬಾಗಿಲು ತೆರೆದಿಟ್ಟು, ಯಾರು ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡುತ್ತೇನೆ. ಈ ಪಾಠದಿಂದ ಮುತ್ತಕ್ಕನಿಗೇನೂ ಸಿಗಲಿಲ್ಲ. ಬುಟ್ಟಿ ಹೊತ್ತು ದಿನವೂ ಅದೇ ದಾರಿಯಲ್ಲಿ ಬರುತ್ತಿದ್ದರು. ಕಚೇರಿ ಹತ್ತಿರವಾದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದರು.