ಕಾಕುವಿನ ಮಿಕ್ಸರ್

ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದು ನಿಂತರೆ ಕಾಕುವಿನ ಹಸಿರು ಬಳೆಗಳು ಗಲಗಲ ಕುಣಿಯುತ್ತಿದ್ದವು. ಭಾಲ್ಕಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಓಣಿಗೆಲ್ಲ ಕಾಕು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುವಾಗ ತುಸು ತಿರುಗಿಸಿ ನಿಲ್ಲಿಸುವರು, ಅದರ ಮೈ ಮುಟ್ಟಿ ಬಿಸಿ ನೋಡುವರು, "ಸ್ವಲ್ಪ ದಮ್ಮು ತಗೋ" ಎಂದು ಮಿಕ್ಸರಿಗೇ ಹೇಳುವರು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಬಿಳಿ ಬಣ್ಣ ಹಳದಿಯಾಗಿತ್ತು, ಸದ್ದು ಮಾತ್ರ ಓಣಿಯ ತುದಿಗೂ ಕೇಳುತ್ತಿತ್ತು.

ನಾನು ಅದನ್ನು ಹೊಗಳಿದ್ದಕ್ಕೆ ಲೆಕ್ಕವೇ ಇಲ್ಲ. ಹಳೇ ಕಾಲದ ಮಾಲೆಂದರೆ ಮಾಲು, ಈಗಿನದೆಲ್ಲ ಬರೀ ಥಳಕು ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಕಾಕು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಬಟ್ಟಲಲ್ಲಿ ಒಂದಿಷ್ಟು ಹಿಂಡಿ ಹಾಕಿಕೊಟ್ಟು ಮಾತು ಬದಲಿಸುತ್ತಿದ್ದರು.

ನಮ್ಮ ಮನೆಗೆ ಸೊಸೆ ಬಂದ ವರ್ಷವೇ ಅವಳ ತವರಿನವರು ಕೊಟ್ಟ ಮಿಕ್ಸರ್ ಸುಟ್ಟುಹೋಯಿತು. ನನ್ನ ಬಾಯಿಗೆ ಮೊದಲೇ ಲಗಾಮಿಲ್ಲ. ನಿಮ್ಮಪ್ಪ ಅಗ್ಗದ್ದು ಕೊಟ್ಟು ಕೈತೊಳೆದುಕೊಂಡ ಎಂದುಬಿಟ್ಟೆ. ಅಷ್ಟು ಸಾಲದೆಂದು ಅವಳ ಕೈಹಿಡಿದು ಕಾಕುವಿನ ಅಡುಗೆಮನೆಗೆ ಕರೆದೊಯ್ದು, ಆ ಮಿಕ್ಸರಿನ ಮುಂದೆ ನಿಲ್ಲಿಸಿ, ಕೊಟ್ಟರೆ ಇಂಥದ್ದು ಕೊಡಬೇಕು ಎಂದೆ. ಹುಡುಗಿ ತಲೆ ಎತ್ತಲಿಲ್ಲ.

ಕಾಕು ಸೆರಗಿಗೆ ಕೈ ಒರೆಸಿಕೊಂಡು ಬಂದು ಅವಳ ಪಕ್ಕ ನಿಂತು ನನ್ನ ಕಡೆ ತಿರುಗಿದರು.

"ನಮ್ಮಪ್ಪ ಬೀದರದಾಗ ಒಂದೇ ಅಂಗಡ್ಯಾಗ ಇಂಥವು ಎರಡು ತಂದಿದ್ದ. ನಂಗೊಂದು, ಔರಾದಕ್ಕ ಕೊಟ್ಟ ನನ್ನ ತಂಗಿಗೊಂದು. ಆಕಿದು ವರ್ಷ ತುಂಬೋದ್ರಾಗ ಸುಟ್ಟು ಗುಜರಿಗೆ ಹೋತು. ಉಳಿದದ್ದು ನಂದು. ಅದಕ್ಕ ನಿನ್ನ ಕಣ್ಣಿಗೆ ನಂದೊಂದೇ ಕಾಣ್ತದ."

ನಾನು ಏನೋ ಹೇಳಹೋದೆ. ಅವರು ಬಿಡಲಿಲ್ಲ.

"ಮಿಕ್ಸರ್ ಗುಜರಿಗೆ ಹೋತು, ಮಾತು ಹೋಗಲಿಲ್ಲವ್ವ. ನಿಮ್ಮಪ್ಪ ಎಂಥಾದ್ದು ಕೊಟ್ಟಾನ ಅಂತ ಆಕಿ ಅತ್ತಿಮನ್ಯಾಗ ಸಾಯೋತನ ಅನಿಸಿಕೊಂಡಳು. ನಾ ಶಾಣ್ಯಾಕಿ ಅಂತ ನಂದು ಉಳೀತೇನು?"

ಸೊಸೆಯ ಎದುರು ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಮಿಕ್ಸರಿಗೆ ದಮ್ಮು ತಗೋ ಅನ್ನುತ್ತಿದ್ದುದನ್ನು ಇಷ್ಟು ವರ್ಷ ನಾನು ಮುದ್ದು ಎಂದುಕೊಂಡಿದ್ದೆ. ಅದು ಅಂಜಿಕೆಯಾಗಿತ್ತು.

ಹೋದ ಬೇಸಿಗೆಯಲ್ಲಿ ಕಾಕು ತೀರಿಕೊಂಡರು. ಅವ್ವ ಹೇಳಿಹೋಗಿದ್ದಾಳೆಂದು ಅವರ ಮಗ ಮಿಕ್ಸರ್ ತಂದು, ನನ್ನ ಕೈಗಲ್ಲ, ಸೊಸೆಯ ಕೈಗೆ ಕೊಟ್ಟ. ಈಗ ಹುರಿದ ಶೇಂಗಾ ಹಾಕಿ, ಮುಚ್ಚಳ ಒತ್ತಿ ಹಿಡಿದು, ಅವಳು ಅಡುಗೆಮನೆಯಿಂದ ಕರೆಯುತ್ತಾಳೆ.

"ಅತ್ತಿ, ಬಟನ್ ನೀವೇ ಒತ್ತರಿ."

ಸುಟ್ಟರೆ ಸುಡಲಿ, ನೀನೇ ಒತ್ತು ಎಂದು ಎಷ್ಟು ಹೇಳಿದರೂ ಅವಳ ಕೈ ಮುಂದೆ ಬರುವುದಿಲ್ಲ. ನಾನು ಎದ್ದು ಹೋಗಿ ಒತ್ತುತ್ತೇನೆ.