ಗ್ರಹಣಕ್ಕೆ ಕೊಡಬಾರದಿದ್ದ ಪ್ಲೇಟು

೧೯೨೬ನೆಯ ಇಸವಿ. ನಾನು ಶಿರಾ ಪೇಟೆಯಲ್ಲಿ ಫೋಟೋ ಅಂಗಡಿ ತೆರೆದು ಆಗ ಆರನೆಯ ವರ್ಷ. ಮಸೀದಿಯ ಕಡೆ ಹೋಗುವ ಬೀದಿಯಲ್ಲಿ ಹೆಂಚಿನ ಮನೆ. ಮುಂದಿನ ಅಂಕಣ ಅಂಗಡಿ, ನಡುವೆ ಕಿಟಕಿಯಿಲ್ಲದ ಕೋಣೆ ಡಾರ್ಕ್‌ರೂಮ್, ಹಿಂದಿನ ಭಾಗದಲ್ಲಿ ಸಂಸಾರ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮದುವೆಯಾದರೂ, ಶಾಲೆಯ ಗುಂಪು ಚಿತ್ರವಾದರೂ, ಅಮಲ್ದಾರರಿಗೆ ವರ್ಗವಾದರೂ ಕ್ಯಾಮೆರಾವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದೆ.

ಆಗ ಈಗಿನ ಹಾಗೆ ಫಿಲ್ಮು ಸುರುಳಿ ನಮ್ಮ ಕಡೆಗೆ ಬಂದಿರಲಿಲ್ಲ. ಗಾಜಿನ ಪ್ಲೇಟುಗಳು. ಗಾಜಿನ ಒಂದು ಮಗ್ಗುಲಿಗೆ ಬೆಳ್ಳಿಯ ಲವಣ ಬಳಿದಿರುತ್ತದೆ. ಬೆಳಕು ಬಿದ್ದ ಜಾಗ ಡೆವಲಪರ್ ಎಂಬ ರಸದಲ್ಲಿ ಕಪ್ಪಾಗುತ್ತದೆ, ಬೀಳದ ಜಾಗ ಬರಿಯ ಗಾಜಾಗಿ ಉಳಿಯುತ್ತದೆ. ಹೀಗಾಗಿ ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಸುಣ್ಣದ ಗೋಡೆ ಕಪ್ಪು, ಕರಿಯ ಕೂದಲು ಬಿಳುಪು. ಅದನ್ನು ಕಾಗದದ ಮೇಲೆ ಪ್ರಿಂಟು ಹಾಕಿದಾಗ ಲೋಕ ಮತ್ತೆ ನೆಟ್ಟಗಾಗುತ್ತದೆ.

ಪ್ಲೇಟಿನ ಮೇಲೆ ಧೂಳು ಕೂತ ಕಡೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ. ಸಣ್ಣ ಕುಂಚದಿಂದ ಅವನ್ನು ತುಂಬುವ ಕೆಲಸ ನನ್ನ ಹೆಂಡತಿ ಸಿದ್ದಗಂಗಮ್ಮನದು. ಪುರವರದ ಬೇಸಾಯಗಾರರ ಮನೆಯವಳು, ಓದು ಬಾರದು. ಆದರೆ ಎಳ್ಳಿಗಿಂತ ಸಣ್ಣ ಚುಕ್ಕೆಯನ್ನು ಯಾರಿಗೂ ಗೊತ್ತಾಗದಂತೆ ಮುಚ್ಚುತ್ತಿದ್ದಳು. ಅವಳು ತೀರಿಕೊಂಡು ಬರುವ ಕಾರ್ತಿಕಕ್ಕೆ ವರ್ಷ ತುಂಬುತ್ತದೆ. ಅವಳಿದ್ದಾಗ ಇದನ್ನು ಬರೆಯಲು ನನಗೆ ಧೈರ್ಯವಾಗಲಿಲ್ಲ.

ನಮಗೆ ಒಬ್ಬನೇ ಮಗ, ರುದ್ರ. ಮೂರು ತುಂಬಿದ್ದಾಗ ಹಿತ್ತಲಿನ ಸುಣ್ಣದ ಗೋಡೆಯ ಮುಂದೆ ಬಿಳಿ ಅಂಗಿ ತೊಡಿಸಿ ಅವನ ಚಿತ್ರ ತೆಗೆದಿದ್ದೆ. ಒಂದೇ ಒಂದು ಪ್ರಿಂಟು ಹಾಕಿದ್ದೆ. ಊರವರ ಕೆಲಸ ಮುಗಿದ ಮೇಲೆ ಇನ್ನೊಂದು ಹಾಕೋಣ ಎಂದುಕೊಂಡಿದ್ದೆ. ಅದಾಗಿ ಎರಡು ತಿಂಗಳಿಗೆ ಮಗು ಜ್ವರದಲ್ಲಿ ಹೋಯಿತು. ಮಣ್ಣು ಮಾಡುವಾಗ ನನ್ನ ತಾಯಿ ಆ ಪ್ರಿಂಟನ್ನೂ ಮಗುವಿನ ಎದೆಯ ಮೇಲೆ ಇಡಿಸಿದರು. ಮನೆಗೆ ಬಂದು ನನ್ನನ್ನು ಒಂದು ಕಡೆಗೆ ಕರೆದು ಹೇಳಿದರು.

"ಆ ಗಾಜೂ ತೊಳೆದ್ಬುಡು ಕಣ್ಲಾ. ಅದು ಕಣ್ಮುಂದೆ ಇದ್ರೆ ನಿನ್ ಹೆಂಡ್ತಿ ಎದ್ದು ಓಡಾಡಕ್ಕಿಲ್ಲ."

ಹಳೆಯ ಪ್ಲೇಟುಗಳನ್ನು ಬಿಸಿನೀರು, ಸೋಡಾ ಹಾಕಿ ಉಜ್ಜಿ, ಗಾಜನ್ನು ಚಿತ್ರಗಳಿಗೆ ಕಟ್ಟು ಹಾಕಲು ಬಳಸುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಕೆಲಸ. ನಾನು ಬಿಸಿನೀರು ಕಾಯಿಸಿದೆ. ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೆ. ಆಗಲಿಲ್ಲ. ಕಪ್ಪು ಕಾಗದದಲ್ಲಿ ಸುತ್ತಿ, ಅಟ್ಟದ ಮೇಲೆ ಬಳಸದೆ ಹಾಳಾದ ಪ್ಲೇಟುಗಳ ಪೆಟ್ಟಿಗೆಯ ತಳದಲ್ಲಿಟ್ಟೆ. ಹೊರಗೆ ಬಂದು, ತೊಳೆದಾಯಿತು ಎಂದೆ. ತಾಯಿಗೂ ಅದೇ ಮಾತು, ಹೆಂಡತಿಗೂ ಅದೇ ಮಾತು. ಆ ದಿನದಿಂದ ಮಕ್ಕಳ ಚಿತ್ರಗಳಿಗೆ ಚುಕ್ಕೆ ತಿದ್ದುವಾಗ ಮಾತ್ರ ಸಿದ್ದಗಂಗಮ್ಮನ ಕೈ ನಿಧಾನವಾಗುತ್ತಿತ್ತು.

ಇದಾಗಿ ಎರಡು ವರ್ಷಕ್ಕೆ, ಆ ೧೯೨೬ರ ಸಂಕ್ರಾಂತಿಯ ಆಜುಬಾಜಿನಲ್ಲಿ, ಹಗಲು ಹೊತ್ತಿನ ಸೂರ್ಯಗ್ರಹಣ ಎಂದು ಪಂಚಾಂಗದಲ್ಲಿ ಬಂತು. ಪೂರ್ಣಗ್ರಹಣವಲ್ಲ, ನಮ್ಮ ಸೀಮೆಯಲ್ಲಿ ಸೂರ್ಯನ ಒಂದು ಅಂಚು ಮಾತ್ರ ಮರೆಯಾಗುವುದಿತ್ತು. ಹದಿನೈದು ದಿನ ಮುಂಚೆಯೇ ಊರಿನ ಡಿಸ್ಪೆನ್ಸರಿಯ ಡಾಕ್ಟರು ಅಂಗಡಿಗೆ ಬಂದರು.

"ಪೂರ್ತಿ ಮುಚ್ಚುವ ಗ್ರಹಣಕ್ಕಿಂತ ಇಂಥದ್ದೇ ಅಪಾಯ. ಕತ್ತಲಾಗುವುದಿಲ್ಲ, ಜನ ಬರಿಗಣ್ಣಲ್ಲಿ ಸೂರ್ಯನನ್ನು ಹುಡುಕುತ್ತಾರೆ. ಮಸಿ ಹಿಡಿಸಿದ ಗಾಜು ಎನ್ನುತ್ತಾರೆ, ಬೆರಳು ತಾಗಿದ ಕಡೆ ಮಸಿ ಹೋಗಿರುತ್ತದೆ. ನಿಮ್ಮ ಪ್ಲೇಟನ್ನು ಪೂರ್ತಿ ಕಪ್ಪು ಮಾಡಲು ಆಗುತ್ತದೆಯೇ?"

ಆಗುತ್ತದೆ ಎಂದೆ. ಬಳಸದೆ ಕೆಟ್ಟ ಪ್ಲೇಟುಗಳನ್ನು ಬಿಸಿಲಿಗೆ ಬಿಚ್ಚಿ ಹಿಡಿದು ಡೆವಲಪ್ ಮಾಡಿದರೆ ಮೂಲೆಯಿಂದ ಮೂಲೆಗೆ ಒಂದೇ ಸಮನೆ ಕಪ್ಪಾಗುತ್ತವೆ. ಎರಡೆರಡನ್ನು ಬೆನ್ನಿಗೆ ಬೆನ್ನು ಸೇರಿಸಿ, ಅಂಚಿಗೆ ಕಾಗದ ಅಂಟಿಸಿದೆ. ಡಾಕ್ಟರು ಹೇಳಿಕೊಟ್ಟ ಕ್ರಮವನ್ನು ಅಂಗಡಿಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದೆ. ತಲೆ ತಗ್ಗಿಸಿ ಗಾಜನ್ನು ಕಣ್ಣಿಗಿಟ್ಟುಕೊಂಡು ಆಮೇಲೆ ಮೇಲೆ ನೋಡಬೇಕು. ತಲೆ ತಗ್ಗಿಸಿದ ಮೇಲೆಯೇ ಗಾಜು ತೆಗೆಯಬೇಕು. ಐದು ಎಣಿಸುವಷ್ಟು ಹೊತ್ತು ಸಾಕು. ಮನೆಯೊಳಗಿನ ಯಾವ ಸಾಮಾನೂ ಆ ಗಾಜಿನಲ್ಲಿ ಕಾಣಬಾರದು, ಕಂಡರೆ ಅದು ಕೆಲಸಕ್ಕೆ ಬಾರದ ಗಾಜು. ಎಲ್ಲಕ್ಕಿಂತ ನಿರಪಾಯವೆಂದರೆ ಸೂರ್ಯನಿಗೆ ಬೆನ್ನು ಹಾಕಿ, ಜರಡಿಯ ತೂತುಗಳಿಂದ ನೆಲಕ್ಕೆ ಬೀಳುವ ಬೆಳಕನ್ನು ನೋಡುವುದು. ಸೂರ್ಯ ಎಷ್ಟು ಮುಕ್ಕಾಗಿದ್ದಾನೋ ಅಷ್ಟೇ ಮುಕ್ಕಾದ ಪುಟ್ಟ ಸೂರ್ಯರು ನೂರಾರು ನೆಲದ ಮೇಲೆ ಬೀಳುತ್ತಾರೆ.

ಎದುರು ಮನೆಯ ಬಳೆಗಾರ ಗಫೂರ್ ಸಾಬರು ನಕ್ಕರು. "ಅರೆ ಸ್ವಾಮಿ, ನನ್ ಅಂಗಡಿ ತುಂಬಾ ಗಾಜೇ ಐತೆ. ಕೆಂಪು ಗಾಜು, ಹಸಿರು ಗಾಜು. ನಿನ್ ಕರಿ ಗಾಜೇ ಯಾಕೆ?"

"ಬಣ್ಣದ ಗಾಜು ಬೆಳಕಿನ ಬಣ್ಣ ಬದಲಾಯಿಸುತ್ತೆ ಸಾಬರೇ, ಬಿಸಿಲು ತಡೆಯಲ್ಲ."

"ಹಂಗಾರೆ ನಮ್ ಬೀಬಿಗೆ ಎರಡು ಕೊಡು. ಅವಳು ನನ್ ಮುಖ ನೋಡೋವಾಗ್ಲೂ ಹಾಕ್ಕಳ್ಲಿ."

ಕಸಬಾ ಕಡೆಯ ಒಬ್ಬ ಮುದುಕಿ ಒಪ್ಪಲೇ ಇಲ್ಲ. "ನಾವು ತಟ್ಟೇಲಿ ಅರಿಸಿನದ್ ನೀರು ಇಟ್ಕಂಡು ನೋಡ್ತೀವಿ ಕಣಪ್ಪ. ನಮ್ಮಪ್ಪನ ಕಾಲದಿಂದ ಯಾರ್ ಕಣ್ಣೂ ಹೋಗಿಲ್ಲ."

"ನೀರಲ್ಲೂ ಸೂರ್ಯ ಸೂರ್ಯನೇ ಅಜ್ಜಿ, ದಿಟ್ಟಿಸಬೇಡ. ಕಪ್ಪು ಪ್ಲೇಟಲ್ಲಿ ನೋಡು, ಏನೂ ಆಗಲ್ಲ."

ಆ ಕೊನೆಯ ಮಾತನ್ನು ಆ ವಾರ ಎಷ್ಟು ಸಲ ಹೇಳಿದೆನೋ. ನಡುಬಾಗಿಲ ಹಿಂದೆ ಕೂತು ಚುಕ್ಕೆ ತಿದ್ದುತ್ತಿದ್ದವಳ ಕಿವಿಗೂ ಅದು ಬೀಳುತ್ತಿತ್ತು.

ಗ್ರಹಣದ ಹಿಂದಿನ ದಿನ ಪ್ಲೇಟುಗಳು ಸಾಲದೆ ಹೋದವು. ಜನ ಬಾಗಿಲಲ್ಲಿದ್ದರು. ನಾನು ಒಳಗೆ ಕೂಗಿದೆ. "ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹಳೇ ಪ್ಲೇಟು ತೆಗೆದುಕೊಡು."

ಅದರ ತಳದಲ್ಲಿ ಏನಿದೆ ಎಂಬುದನ್ನು ಮರೆತಿದ್ದೆನೇ? ಇಪ್ಪತ್ತೊಂದು ವರ್ಷದಿಂದ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದೇನೆ. ಕೂಗಿದ ನೆನಪಿದೆ. ಅದರ ಮುಂಚಿನ ಕ್ಷಣ ಏನು ಯೋಚಿಸುತ್ತಿದ್ದೆ ಎಂಬುದು ನೆನಪಿಲ್ಲ. ಅವಳು ಪ್ಲೇಟುಗಳನ್ನು ತಂದುಕೊಟ್ಟಳು. ಮುಖದಲ್ಲಿ ಏನೂ ಇರಲಿಲ್ಲ, ಅಥವಾ ನಾನು ನೋಡಲಿಲ್ಲ.

ಮರುದಿನ ಬೀದಿ ತುಂಬ ಜನ. ಒಲೆ ಆರಿಸಿ ಎಲ್ಲರೂ ಹೊರಗೆ ಬಂದಿದ್ದರು. ಗಫೂರ್ ಸಾಬರ ಮನೆಯ ಜರಡಿ ಕೈಯಿಂದ ಕೈಗೆ ಹೋಯಿತು. ನಾನು ಬೀದಿಯ ಉದ್ದಕ್ಕೂ ಓಡಾಡಿ, 'ತಲೆ ತಗ್ಗಿಸಿ', 'ಎಣಿಸಿ', 'ಸಾಕು' ಎಂದು ಗದರಿಕೊಂಡು ಇದ್ದೆ. ಊರಿನ ಒಂದು ಕಣ್ಣಿಗೂ ತೊಂದರೆಯಾಗಲಿಲ್ಲವೆಂದು ಸಂಜೆ ಡಾಕ್ಟರು ಬೆನ್ನು ತಟ್ಟಿದರು. ಆ ಹೊತ್ತಿನಲ್ಲೆಲ್ಲ ನನ್ನ ಮನೆಯ ಹಿತ್ತಲಿನಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿರಲಿಲ್ಲ.

ಐದಾರು ದಿನ ಕಳೆದ ಮೇಲೆ ಪಾವಗಡದ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಚಿತ್ರ ಹಿಡಿದುಕೊಂಡು ಬಂದ. ಹಿಂದಿನ ದಿನವಷ್ಟೇ ನೋಡದೆ ಕೊಟ್ಟು ಕಳಿಸಿದ್ದೆ.

"ಏಮಯ್ಯಾ ಇದು? ನನಗೆ ಯಾವಾಗ ಅಮ್ಮ ಎದ್ದಿತ್ತು? ಮನೇಲಿ ಎಲ್ಲಾ ನಗ್ತಾರೆ."

ಮುಖದ ತುಂಬ ಬಿಳಿ ಚುಕ್ಕೆಗಳು ಹಾಗೆಯೇ ಇದ್ದವು, ಸಿಡುಬಿನ ಕಲೆಗಳ ಹಾಗೆ. ಅಂಚಿನಲ್ಲಿದ್ದ ಒಂದೆರಡು ಚುಕ್ಕೆಗಳನ್ನು ಸಿದ್ದಗಂಗಮ್ಮ ಮುಚ್ಚಿದ್ದಳು, ಅದೂ ಚುಕ್ಕೆಯ ಹೊರಗೆ ಬಣ್ಣ ಹರಿದಿತ್ತು. ಅವಳ ಕೈಯ ಕೆಲಸ ಅಂಥದ್ದಾಗಿದ್ದನ್ನು ನಾನು ಕಂಡಿರಲಿಲ್ಲ. ಚಿತ್ರವನ್ನು ಹಿಡಿದು ಒಳಗೆ ಹೋದೆ.

"ಇದು ಕಾಣಲಿಲ್ವೇ?"

ಅವಳು ನನ್ನ ಕಡೆ ತಿರುಗಿದಳು. ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ, ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ ನಿಂತಿತು.

"ನೋಡಿದ್ ಜಾಗ ಕಾಣಕ್ಕಿಲ್ಲ. ಅದರ ಸುತ್ತ ಕಾಣ್ತದೆ" ಎಂದಳು. "ನಡುವೆ ಒಂದು ಕಲೆ ಐತೆ."

"ಯಾವಾಗಿಂದ?"

"ಗ್ರಹಣದ ದಿನದಿಂದ."

"ನಾನು ಕೊಟ್ಟ ಪ್ಲೇಟಲ್ಲಿ ನೋಡಿದೆಯಾ?"

ಅವಳು ಎದ್ದು ಅಕ್ಕಿಯ ಮಡಕೆಯ ಹಿಂದಿನಿಂದ ಕಪ್ಪು ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟಳು. ನಾನು ಬಿಚ್ಚಲಿಲ್ಲ. ಬಿಚ್ಚಬೇಕಾಗಿರಲಿಲ್ಲ.

"ತೊಳೆದೆ ಅಂದಿದ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಮೊದಲು ಬರೀ ಬಾನಿಗೆ ಹಿಡಿದು ನೋಡ್ದೆ. ಕೂದಲೆಲ್ಲ ಬೆಳ್ಳಗಾಗಿ ಮುದುಕನಂಗಿದ್ದ. ನನ್ ಮಗ ಮುದುಕ ಆಗವ್ನೆ ಅಂತ ಅಳು ಬಂತು. ಕಣ್ಣು ಮುಚ್ಕಂಡೆ. ಮುಚ್ಕಂಡಾಗ ಒಳಗಡೆ ಸರಿಯಾಗಿ ಕಂಡ. ಕೂದಲು ಕರ್ರಗೆ, ಅಂಗಿ ಬೆಳ್ಳಗೆ. ಹಂಗೇ ಇದ್ದ. ಒಂದ್ ಗಳಿಗೆ ಇದ್ದು ಹೋಗ್ಬುಟ್ಟ. ಬೆಳಕು ಜಾಸ್ತಿ ಇದ್ರೆ ಜಾಸ್ತಿ ಹೊತ್ತು ಇರ್ತಾನೆ ಅಂತ ಗೊತ್ತಾಯ್ತು. ಅದಕ್ಕೆ ಸೂರ್ಯನಿಗೇ ಹಿಡಿದೆ. ಕಪ್ಪು ಪ್ಲೇಟಲ್ಲಿ ನೋಡಿದ್ರೆ ಏನೂ ಆಗಲ್ಲ ಅಂತಿದ್ರಲ್ಲ ನೀವು. ಅದರ ತುಂಬಾ ಕಪ್ಪೇ ಇತ್ತು."

ಕಪ್ಪಾಗಿದ್ದದ್ದು ಸುಣ್ಣದ ಗೋಡೆ ಮತ್ತು ಬಿಳಿ ಅಂಗಿ. ಮಗುವಿನ ಮುಖ, ಕೂದಲು ಇದ್ದ ಜಾಗ ಹೆಚ್ಚುಕಡಿಮೆ ಬರಿಯ ಗಾಜು. ಮುಖ ನೋಡಬೇಕೆಂದು ಅವಳು ಸೂರ್ಯನನ್ನು ಸರಿಯಾಗಿ ಅಲ್ಲಿಗೇ ತಂದು ಹಿಡಿದಿದ್ದಳು.

"ಎಷ್ಟು ಹೊತ್ತು ನೋಡಿದೆ?"

"ನೀವು ಜನಕ್ಕೆ ಎಣಿಸ್ತಿದ್ದದ್ದು ಕೇಳಿಸ್ತಿತ್ತು. ನಾನು ಎಣಿಸಲಿಲ್ಲ."

ಅಂದೇ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ನೋಡಿ ನನ್ನನ್ನು ಹೊರಗೆ ಕರೆದರು. ಕಣ್ಣಿನ ಹಿಂಭಾಗದಲ್ಲಿ ಒಂದು ಪರದೆಯಿದೆ, ಅದರ ನಡುಮಧ್ಯ ಸುಟ್ಟಿದೆ ಎಂದರು. ಅಕ್ಷರ, ಸೂಜಿಯ ಕಣ್ಣು, ಮನುಷ್ಯರ ಮುಖ ಗುರುತಿಸುವುದು ಆ ನಡುಮಧ್ಯದಿಂದ. "ಆ ಪರದೆಗೆ ನೋವು ಗೊತ್ತಾಗುವುದಿಲ್ಲ. ಅದಕ್ಕೇ ಜನ ನೋಡುತ್ತಲೇ ಇರುತ್ತಾರೆ. ಔಷಧವಿಲ್ಲ. ಆರು ತಿಂಗಳಲ್ಲಿ ತಾನಾಗಿ ಎಷ್ಟು ಸುಧಾರಿಸಿದರೆ ಅಷ್ಟು." ಬೆಂಗಳೂರಿಗೂ ಕರೆದೊಯ್ದೆ. ಅಲ್ಲಿಯೂ ಇದನ್ನೇ ಹೇಳಿದರು.

ವಾಪಸು ಬರುವಾಗ, ರೈಲಿಳಿದ ಮೇಲೆ, ಎತ್ತಿನ ಗಾಡಿಯಲ್ಲಿ ಅವಳು ಕೇಳಿದಳು. "ಆರು ತಿಂಗಳಲ್ಲಿ ಕಲೆ ಹೋಗ್ಬುಡ್ತದಾ?"

"ಹೋಗಬಹುದು ಅಂತಾರೆ."

"ಹೋಗದೇ ಇದ್ರೆ ಒಳ್ಳೇದು. ಅವನು ಅದರೊಳಗೆ ಅವ್ನೆ ಅನ್ನಿಸ್ತದೆ."

ನಾನು ಎತ್ತಿನ ಬೆನ್ನು ನೋಡುತ್ತ ಕೂತೆ. ಆ ಆರು ತಿಂಗಳು ನಾವಿಬ್ಬರೂ ಒಂದೇ ಮನೆಯಲ್ಲಿ ಎರಡು ಬೇರೆ ಹರಕೆ ಹೊತ್ತಿದ್ದೆವು. ನಾನು ಬೆಳಿಗ್ಗೆ ಎದ್ದ ಕೂಡಲೇ ಅವಳ ಮುಂದೆ ಒಂದು ಬೆರಳು ಹಿಡಿದು, ಕಾಣುತ್ತದೆಯೇ ಎಂದು ಕೇಳುವೆ. ಇಲ್ಲ ಎನ್ನುವಳು, ಮತ್ತು ಆ ಮಾತಿನಲ್ಲಿ ಸಂಕಟವಿರುತ್ತಿರಲಿಲ್ಲ. ಕೊನೆಗೆ ಎಡಗಣ್ಣಿನ ಕಲೆ ಸ್ವಲ್ಪ ಕಿರಿದಾಯಿತು. ಬಲಗಣ್ಣಿನದು ಹಾಗೇ ಉಳಿಯಿತು. ಚುಕ್ಕೆ ತಿದ್ದುವ ಕುಂಚವನ್ನು ಅವಳು ಮತ್ತೆ ಹಿಡಿಯಲಿಲ್ಲ. ಆ ಕೆಲಸವನ್ನು ನಾನೇ ಕಲಿತೆ, ಅವಳಷ್ಟು ಚೆನ್ನಾಗಿ ಎಂದೂ ಬರಲಿಲ್ಲ.

ಆರನೆಯ ತಿಂಗಳು ಮುಗಿದ ಮೇಲೆ, ಒಂದು ಬೆಳಿಗ್ಗೆ, ನಾನು ರುದ್ರನ ಪ್ಲೇಟನ್ನು ಕಾಗದದ ಜೊತೆ ಚೌಕಟ್ಟಿಗೆ ಹಾಕಿ ಬಿಸಿಲಿಗಿಟ್ಟು ಪ್ರಿಂಟು ತೆಗೆದೆ. ಎರಡೂವರೆ ವರ್ಷ ಮುಂಚೆ ಮಾಡಬಹುದಾಗಿದ್ದ ಕೆಲಸ, ಅರ್ಧ ಗಂಟೆಯೂ ಹಿಡಿಯಲಿಲ್ಲ. ತೊಳೆದು ಒಣಗಿಸಿ ಅವಳ ಕೈಗೆ ಕೊಟ್ಟೆ. ಅವಳು ನೇರ ನೋಡಿದಳು. ಅಂಗಿಯ ಗುಂಡಿ ಕಾಣುತ್ತದೆ, ಕಾಲು ಕಾಣುತ್ತದೆ, ಮುಖ ಇಲ್ಲ ಎಂದಳು. ಆಮೇಲೆ ಚಿತ್ರದ ಅಂಚಿನಾಚೆ, ನೆಲದ ಕಡೆ ಕಣ್ಣಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನಕ್ಕಳು.

"ಈಗ ಬಂದ."

ಅವತ್ತಿನಿಂದ ಅವಳು ಎಲ್ಲರನ್ನೂ ನೋಡಿದ್ದು ಹಾಗೆಯೇ, ಮಗ್ಗುಲಿಗೆ ಕಣ್ಣಿಟ್ಟು. ಗೊತ್ತಿಲ್ಲದವರು ಫೋಟೋದವನ ಹೆಂಡತಿಗೆ ಸೊಕ್ಕು ಎಂದರು.

ಆಮೇಲೆ ಯಾವ ಗ್ರಹಣ ಬಂದರೂ ನಾನು ಯಾರಿಗೂ ಪ್ಲೇಟು ಕೊಡಲಿಲ್ಲ, ಜರಡಿ ಕೊಟ್ಟೆ. ಓದುವವರಿಗೆ ನಾನು ಹೇಳಬಹುದಾದದ್ದೂ ಅಷ್ಟೇ. ಸೂರ್ಯನಿಗೆ ಬೆನ್ನು ಹಾಕಿ ಗ್ರಹಣ ನೋಡಿ. ಚಿತ್ರವಿರುವ ಗಾಜನ್ನು ಅವನ ಕಡೆ ಎತ್ತಬೇಡಿ. ನೋವಾದಾಗ ಕಣ್ಣು ತೆಗೆದರಾಯಿತು ಎಂದುಕೊಳ್ಳಬೇಡಿ, ನೋವಾಗುವುದೇ ಇಲ್ಲ. ಬೀದಿಯವರಿಗೆಲ್ಲ ಎಚ್ಚರಿಕೆ ಹೇಳುವವನು ಮೊದಲು ತನ್ನ ನಡುಬಾಗಿಲು ದಾಟಿ ಒಳಗೆ ಹೋಗಿ ಹೇಳಬೇಕು, ಮತ್ತು ಅಲ್ಲಿ ನಿಜ ಹೇಳಬೇಕು. ಇದು ನನ್ನ ಕಸುಬು ನನಗೆ ಕಲಿಸಿದ್ದು, ತಡವಾಗಿ.

ಹೋದ ಕಾರ್ತಿಕದಲ್ಲಿ ಅವಳ ಕೊನೆಯ ದಿನ ಪುರವರದಿಂದ ಅವಳ ತಮ್ಮ, ಅವನ ಹೆಂಡತಿ ಬಂದು ಹಾಸಿಗೆಯ ಪಕ್ಕ ಕೂತಿದ್ದರು. ಮಾತು ನಿಂತಿತ್ತು. ನಾನು ಹತ್ತಿರ ಬಾಗಿದಾಗ ಅವಳು ಮುಖ ಸ್ವಲ್ಪ ಹೊರಳಿಸಿ ಗೋಡೆಯ ಮೇಲೆ ಕಣ್ಣು ನೆಟ್ಟಳು. ತಮ್ಮ ಮರುಗಿ ನನ್ನ ತೋಳು ಹಿಡಿದ. "ಬೇಜಾರ್ ಮಾಡ್ಕಬೇಡಿ ಭಾವ. ಎಂಥದೋ ಮುನಿಸು, ಕೊನೇಗಾದ್ರೂ ನಿಮ್ ಕಡೆ ನೋಡ್ಲಿಲ್ಲ."

ಅವಳಿಗೆ ನಾನು ಚೆನ್ನಾಗಿ ಕಾಣಲೆಂದು ಅಲುಗದೆ ಕೂತೆ. ಅವಳ ಕಣ್ಣು ಗೋಡೆಯಿಂದ ಕದಲಲಿಲ್ಲ.