ದ್ವಾದಶಿಯ ಎಮ್ಮೆ

ನನ್ನ ಅತ್ತೆಯ ಪ್ರಕಾರ ಪ್ರಾಣಿಗಳಲ್ಲಿ ಎರಡೇ ಬಗೆ: ಮುಟ್ಟಿದರೆ ಪುಣ್ಯ ಬರುವ ಹಸು, ಮುಟ್ಟಿದರೆ ತಲೆ ಮೇಲೆ ನೀರು ಸುರಿದುಕೊಳ್ಳಬೇಕಾದ ಉಳಿದೆಲ್ಲವೂ. ನಾನು ಕಮಲಾಪುರದಲ್ಲಿ ಪಶುವೈದ್ಯೆ. ಸಂಜೆ ನಗರದ ಖೂಬಾ ಪ್ಲಾಟ್ ಬಡಾವಣೆಯ ಮನೆಗೆ ಮರಳಿದರೆ ಬಾಗಿಲಲ್ಲೇ ವಿಚಾರಣೆ. ಇವತ್ತು ಏನು ಮುಟ್ಟಿದಿ ಎಂದು ಅವರು ಕೇಳುವುದು, ಹಸು ಎಂದು ನಾನು ಹೇಳುವುದು. ನನ್ನ ಮಾತು ನಂಬುವುದಾದರೆ ಕಮಲಾಪುರದ ಎಮ್ಮೆ, ಆಡು, ನಾಯಿಗಳಿಗೆ ಕಾಯಿಲೆಯೇ ಬರುತ್ತಿರಲಿಲ್ಲ.

ನಮ್ಮದು ವೈಷ್ಣವರ ಮನೆ. ಏಕಾದಶಿಯಂದು ಅತ್ತೆ ಹನಿ ನೀರೂ ಕುಡಿಯುವುದಿಲ್ಲ. ಮರುದಿನ ದ್ವಾದಶಿ, ಸೂರ್ಯ ಹುಟ್ಟಿದ ಮೇಲೆ, ಪಂಚಾಂಗ ಹೇಳಿದ ಹೊತ್ತು ಮೀರುವುದರೊಳಗೆ ಉಪವಾಸ ಬಿಡಬೇಕು. ಗಂಡನದು ಪೂಜೆ, ನನ್ನದು ಮಡಿಯಡಿಗೆ. ಮಡಿಯಲ್ಲಿದ್ದಾಗ ಫೋನು ಮುಟ್ಟುವಂತಿಲ್ಲವೆಂದು ತೊಗರಿಕಟ್ಟಿಗೆಯ ತುದಿಯಿಂದ ಸ್ಪೀಕರ್ ಒತ್ತುವುದನ್ನು ಕಲಿತಿದ್ದೆ. ದೇವರಿಗೂ ರಜೆಯಿಲ್ಲ, ನನಗೂ ಇಲ್ಲ. ಆದರೆ ಅವನು ಡ್ಯೂಟಿಗೆ ಹೋಗುವ ಮೊದಲು ಸಾರು ಕುದಿಸುವುದನ್ನು ನಾನಂತೂ ನೋಡಿಲ್ಲ.

ಒಂದು ದ್ವಾದಶಿಯಂದು ಗಂಡ ಪರೀಕ್ಷೆ ಕೆಲಸಕ್ಕೆ ಬೀದರಿಗೆ ಹೋಗಿದ್ದರು. ಬೆಳಕು ಹರಿಯುವ ಮುನ್ನ ಕಮಲಾಪುರದ ರೈತನೊಬ್ಬ ಫೋನ್ ಮಾಡಿದ. ಅವನ ಎಮ್ಮೆ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಬಂದಿದೆ ಎಂದ. ನಾನು ಬೇಳೆ ಕೆಳಗಿಟ್ಟೆ. ಸೂರ್ಯ ಹುಟ್ಟಿರಲಿಲ್ಲ, ಹಾಗಾಗಿ ಅತ್ತೆ ಆಗ ಏನೂ ತಿನ್ನುವಂತಿಲ್ಲ. ಹಿಂದೊಮ್ಮೆ ಹೀಗೇ ಹಸಿದು ತಲೆ ತಿರುಗಿ ಬಿದ್ದಿದ್ದರು, ಒಬ್ಬರನ್ನೇ ಬಿಡುವಂತೆಯೂ ಇಲ್ಲ. ಪಕ್ಕದ ಮನೆಯವರನ್ನು ಕರೆಯಲೇ ಎಂದೆ. ಅವರ ಮಡಿಯ ಮೇಲೆ ಅತ್ತೆಗೆ ಹಳೆಯ ಗುಮಾನಿ.

"ಗಾಡಿ ತಗಿ, ನಾನೂ ಬರ್ತೀನಿ," ಎಂದರು.

ತಾಮ್ರದ ತಂಬಿಗೆಯಲ್ಲಿ ತುಳಸಿ ತೀರ್ಥ ಹಿಡಿದು ಕಾರಿನಲ್ಲಿ ಕೂತರು. ಸೀಟ್ ಬೆಲ್ಟನ್ನು ಯಾರ್ಯಾರು ಮುಟ್ಟಿದ್ದಾರೋ ಎಂದು ದಾರಿಯುದ್ದಕ್ಕೂ ಗೊಣಗಿದರು.

ರೈತನ ತಾಯಿ ಅತ್ತೆಯದೇ ವಯಸ್ಸಿನವಳು. ಹೊರಸು ಹಾಕಿ ಕೂರಿಸಿದಳು. ಒಳಗೋಡೆಯ ಮೇಲೆ ಬುದ್ಧನ ಪಟವಿತ್ತು. ಅತ್ತೆ ಅದನ್ನು ನೋಡಿದ್ದನ್ನು ನಾನೂ ನೋಡಿದೆ. ಚಹಾ ಬೇಡ, ನೀರೂ ಬೇಡ, ನಿನ್ನೆಯಿಂದ ಉಪವಾಸ ಎಂದರು. ಆಗ ನನ್ನ ತೋಳು ಭುಜದವರೆಗೆ ಎಮ್ಮೆಯೊಳಗಿತ್ತು, ಕಿವಿ ಮಾತ್ರ ಹೊರಗೆ.

"ಯಾಕ್ರಿ ಯವ್ವಾ, ಮನ್ಯಾಗ ಯಾರರ ಬೈದಾರೇನು?" ಎಂದು ಅಜ್ಜಿ ಕೇಳಿ ನನ್ನ ಕಡೆ ಕತ್ತು ಹೊರಳಿಸಿದಳು.

ಇದು ದೇವರ ಉಪವಾಸ ಎಂದು ಅತ್ತೆ ವಿವರಿಸಿದರು. ಅಜ್ಜಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಒಳಗೆ ಹೋಗಿ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಮುಂದಿಟ್ಟಳು. ಸೂರ್ಯ ಆಗಲೇ ಮೇಲೇರಿದ್ದ. ಅತ್ತೆ ಅವನನ್ನು ನೋಡಿದರು, ಪಟವನ್ನು ನೋಡಿದರು, ಹಣ್ಣನ್ನು ನೋಡಿದರು.

"ಬಾಳೆಹಣ್ಣಿಗಿ ಸಿಪ್ಪಿ ಅದ. ದೇವರೇ ಮಡಿ ಉಡಿಸಿ ಕಳಿಸ್ಯಾನ," ಎಂದು ತೀರ್ಥ ತೆಗೆದುಕೊಂಡು, ಕಣ್ಣು ಮುಚ್ಚಿ ಅರ್ಪಿಸಿ, ತಿನ್ನತೊಡಗಿದರು. ಆ ಮನೆಯ ನೀರನ್ನು ಮಾತ್ರ ಮುಟ್ಟಲಿಲ್ಲ. ಅಜ್ಜಿ ಗಮನಿಸಿದಳು, ಇನ್ನೊಂದು ಹಣ್ಣು ಮುರಿದುಕೊಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ. ಎಮ್ಮೆಯ ಹಿಂದೆ ನಿಂತವಳಿಗೆ ತಲೆ ತಗ್ಗಿಸಲು ನೆಪವಾದರೂ ಇರುತ್ತದೆ.

ಮಡಚಿದ್ದ ಕಾಲನ್ನು ಬಿಡಿಸಿ, ಹಗ್ಗ ಕಟ್ಟಿ, ರೈತನೂ ನಾನೂ ಎಳೆದೆವು. ಕರು ನೆಲಕ್ಕೆ ಬಿದ್ದು ಉಸಿರಾಡದೆ ಮಲಗಿತು. ಅತ್ತೆ ಮೊಣಕಾಲು ನೋವು ಮರೆತು ಕೊಟ್ಟಿಗೆಗೆ ಬಂದು, ಉಳಿದ ತೀರ್ಥವನ್ನು ಅದರ ತಲೆಗೆ ಚಿಮುಕಿಸಿದರು. ಕರು ಸೀನಿತು. ಅದೇ ಕ್ಷಣಕ್ಕೆ ನಾನು ಅದರ ಮೂಗಿಗೆ ಹುಲ್ಲುಕಡ್ಡಿ ತೂರಿದ್ದೆ, ಸೀನಿದ್ದು ಅದಕ್ಕೇ ಎಂಬುದು ಇವತ್ತಿಗೂ ನನ್ನ ವಾದ. ನಮ್ಮ ಮನೆಯಲ್ಲಿ ಈ ವಾದವನ್ನು ನಾನು ಗೆದ್ದಿಲ್ಲ.

ಗಂಡ ಬೀದರಿನಿಂದ ಬಂದಾಗ ಅತ್ತೆ ಕರುವಿನ ಕಥೆಯನ್ನೆಲ್ಲ ಹೇಳಿದರು, ಹಣ್ಣು ಯಾರ ಮನೆಯದೆಂದು ಮಾತ್ರ ಹೇಳಲಿಲ್ಲ. ನಾನು ಹೇಳಿದೆ. ಅವರು ಬೆಚ್ಚಿ ತಾಯಿಯ ಮುಖ ನೋಡಿದರು. ಇವಳಿಗೆ ಎಮ್ಮೆಗಳ ಕರೆ ಬರುತ್ತಿರುತ್ತದೆ, ಇನ್ನು ಮೇಲೆ ದ್ವಾದಶಿಯ ಅಡಿಗೆ ನಿನ್ನದು ಎಂದು ಅತ್ತೆ ಮಗನಿಗೆ ಹೇಳಿದರು. ತನಗೆ ಅಡಿಗೆ ಬರುವುದಿಲ್ಲ, ಗಂಡಸರು ಎಲ್ಲಾದರೂ ಮಡಿಯಡಿಗೆ ಮಾಡುತ್ತಾರೆಯೇ ಎಂದು ಇವರು ರಾಗ ಎಳೆದರು.

"ಮಠದಾಗ ಅಡಗಿ ಮಾಡೋರು ಗಂಡಸರೇ ಹೌದಲ್ಲೋ," ಎಂದರು ಅತ್ತೆ.

ಮುಂದಿನ ದ್ವಾದಶಿಗೆ ಇವರು ಮಾಡಿದ ಸಾರಿನಲ್ಲಿ ಉಪ್ಪಿನೊಳಗೆ ಬೇಳೆಯನ್ನು ಹುಡುಕಬೇಕಿತ್ತು. ದೇವರು ತಕರಾರಿಲ್ಲದೆ ನೈವೇದ್ಯ ಸ್ವೀಕರಿಸಿದ. ಅತ್ತೆಯೂ ಉಂಡರು. ನಾನು ಎರಡು ತುತ್ತು ನುಂಗಿ, ಕಮಲಾಪುರದಿಂದ ಅರ್ಜೆಂಟ್ ಫೋನ್ ಬಂದಿದೆ ಎಂದು ಎದ್ದೆ.